ಮನೆಯ ವಿದ್ಯುತ್ತಿಗೂ ಒಂದು ಪಾಳಿಪಟ್ಟಿ



ಗಿರಣಿಯಲ್ಲಿ ದುಡಿಯುವವರಿಗೆ ಪಾಳಿಯೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಯಾವ ಯಂತ್ರ ಎಷ್ಟು ಗಂಟೆಗೆ ಆರಂಭವಾಗಬೇಕು, ಯಾವಾಗ ನಿಲ್ಲಬೇಕು, ಅದರ ಹತ್ತಿರ ಯಾರಿರಬೇಕು ಎಂಬುದೆಲ್ಲವೂ ಪಟ್ಟಿಯಲ್ಲಿರುತ್ತದೆ. ಬಟ್ಟೆ ನೇಯದೆ ಸುಮ್ಮನೆ ಓಡುವ ಮಗ್ಗವನ್ನು ಕಂಡರೆ ಮೇಸ್ತ್ರಿ ಕೂಗಾಡುತ್ತಾನೆ. ಅದೇ ನಾವು ಮನೆಗೆ ಬಂದರೆ, ಸ್ನಾನ ಮುಗಿದು ಎರಡು ತಾಸಾದರೂ ಗೀಸರಿನ ಗುಂಡಿ ಹಾಕಿದಂತೆಯೇ ಇರುತ್ತದೆ. ಕೂಗಾಡುವ ಮೇಸ್ತ್ರಿ ಇಲ್ಲಿಲ್ಲ. ತಿಂಗಳ ಕೊನೆಗೆ ಬಿಲ್ಲು ಮಾತ್ರ ಬರುತ್ತದೆ.

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಬಹುಮಂದಿ ಊರಿಗೆ ಹಣ ಕಳಿಸುವವರು. ಬಿಲ್ಲು ಹೆಚ್ಚಿದ ತಿಂಗಳು ಕಡಿಮೆಯಾಗುವುದು ಆ ಹಣವೇ. ಆದುದರಿಂದ ಈ ಸಂಚಿಕೆಯಲ್ಲಿ, ಹೇಳಿದ ಹೊತ್ತಿಗೆ ತಾನಾಗಿ ಹೊತ್ತಿ ತಾನಾಗಿ ಆರುವ ‘ಸ್ಮಾರ್ಟ್ ಪ್ಲಗ್’ ಎಂಬ ಸಾಧನದಿಂದ ಮನೆಯ ವಿದ್ಯುತ್ತನ್ನು ಹೇಗೆ ಉಳಿಸಬಹುದು, ಎಲ್ಲಿ ಉಳಿಸಲಾಗದು ಎಂಬುದನ್ನು ಲೆಕ್ಕಸಹಿತ ನೋಡೋಣ. ನಾವು ಎಂಜಿನಿಯರರಲ್ಲ, ಗಿರಣಿಯ ಕಚೇರಿಯಲ್ಲಿ ಮೀಟರಿನ ಅಂಕಿಗಳನ್ನು ಬರೆದಿಡುವ ಕಾರಕೂನರು. ಆದರೆ ಕೂಡುವುದು, ಕಳೆಯುವುದು ಬಲ್ಲವರಿಗೆ ಇಷ್ಟು ಸಾಕು.

ಒಂದನೆಯ ಪಾಠ: ಯೂನಿಟ್ಟಿನ ಲೆಕ್ಕ

೧೦೦೦ ವ್ಯಾಟಿನ ಸಾಧನ ಒಂದು ಗಂಟೆ ನಡೆದರೆ ಒಂದು ಯೂನಿಟ್ಟು. ಸಾಧನದ ಮೈಮೇಲೆ ಬರೆದ ವ್ಯಾಟನ್ನು ಗಂಟೆಗಳಿಂದ ಗುಣಿಸಿ ೧೦೦೦ದಿಂದ ಭಾಗಿಸಿರಿ. ಹಳೆಯ ಬಗೆಯ ಪಂಖ ಸುಮಾರು ೭೫ ವ್ಯಾಟು. ದಿನಕ್ಕೆ ೧೨ ಗಂಟೆ, ೩೦ ದಿನ ತಿರುಗಿದರೆ ೨೭ ಯೂನಿಟ್ಟು.

ನಮ್ಮ ಮಹಾರಾಷ್ಟ್ರದಲ್ಲಿ ಮಹಾವಿತರಣದ ಮನೆಬಳಕೆಯ ದರಕ್ಕೆ ಮೆಟ್ಟಿಲುಗಳಿವೆ: ೧೦೦ ಯೂನಿಟ್ಟಿನವರೆಗೆ ಒಂದು, ೧೦೧ರಿಂದ ೩೦೦ರವರೆಗೆ ಇನ್ನೊಂದು, ಹೀಗೆ. ೧೦೧ನೆಯ ಯೂನಿಟ್ಟು ಬಂದೊಡನೆ ಕೆಳಗಿನ ನೂರಕ್ಕೂ ಹೆಚ್ಚಿನ ದರ ಬೀಳುವುದೆಂದು ಹಲವರು ಹೆದರುತ್ತಾರೆ. ಇಲ್ಲಿ ಹಾಗಿಲ್ಲ, ಮೇಲಿನ ಯೂನಿಟ್ಟುಗಳಿಗೆ ಮಾತ್ರ ಮೇಲಿನ ದರ. ಬೇರೆ ಕೆಲವು ರಾಜ್ಯಗಳಲ್ಲಿ ಮಿತಿ ದಾಟಿದರೆ ಕೆಳಗಿನ ದರವೂ ಬದಲಾಗುವುದುಂಟು. ಎರಡೂ ಕಡೆ ನೆನಪಿಡಬೇಕಾದ ತತ್ತ್ವ ಒಂದೇ: ಉಳಿಸಿದ ಯೂನಿಟ್ಟು ರಾಶಿಯ ತುದಿಯಿಂದ ಇಳಿಯುತ್ತದೆ. ಅಂದರೆ ಎಲ್ಲಕ್ಕಿಂತ ದುಬಾರಿಯಾದ ಯೂನಿಟ್ಟೇ ಮೊದಲು ಉಳಿಯುತ್ತದೆ.

ಎರಡನೆಯ ಪಾಠ: ಗೀಸರು

ನೀರು ಕಾಯಿಸುವ ಲೆಕ್ಕಕ್ಕೆ ಒಂದು ಸುಲಭ ಸೂತ್ರ: ಲೀಟರುಗಳನ್ನು, ಏರಿಸಬೇಕಾದ ಡಿಗ್ರಿಗಳಿಂದ ಗುಣಿಸಿ ೮೬೦ರಿಂದ ಭಾಗಿಸಿದರೆ ಯೂನಿಟ್ಟು ಬರುತ್ತದೆ. ೧೫ ಲೀಟರಿನ ಗೀಸರಿನಲ್ಲಿ ೨೫ ಡಿಗ್ರಿಯ ನೀರನ್ನು ೬೦ ಡಿಗ್ರಿಗೆ ಏರಿಸಬೇಕಾದರೆ ೧೫ನ್ನು ೩೫ರಿಂದ ಗುಣಿಸಿ ೫೨೫. ಅದನ್ನು ೮೬೦ರಿಂದ ಭಾಗಿಸಿದರೆ ಸುಮಾರು ೦.೬೧ ಯೂನಿಟ್ಟು. ಗೀಸರು ೨೦೦೦ ವ್ಯಾಟಿನದಾದರೆ ಈ ಕೆಲಸಕ್ಕೆ ೧೮ ನಿಮಿಷ ಸಾಕು. ಅಷ್ಟೇ ತಣ್ಣೀರು ಬೆರೆಸಿದರೆ ಇಬ್ಬರ ಸ್ನಾನಕ್ಕೆ ಎರಡು ಬಕೆಟ್ಟು ಬಿಸಿನೀರಾಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಗೀಸರು ಮೂರು ತಾಸು ಚಾಲೂ ಇದ್ದರೆ ಆರು ಯೂನಿಟ್ಟು ಹೋಯಿತೆಂದು ಲೆಕ್ಕ ಹಾಕುವವರಿದ್ದಾರೆ. ಅದು ಸರಿಯಲ್ಲ. ನೀರು ಕಾದ ಮೇಲೆ ಒಳಗಿನ ಥರ್ಮೋಸ್ಟಾಟು ವಿದ್ಯುತ್ತನ್ನು ಕಡಿಯುತ್ತದೆ. ನೀರು ತುಸು ಆರಿದರೆ ಮತ್ತೆ ಹಚ್ಚುತ್ತದೆ, ಮತ್ತೆ ಕಡಿಯುತ್ತದೆ. ಯಾರೂ ನೀರು ಬಳಸದಿದ್ದರೂ ತೊಟ್ಟಿಯ ಗೋಡೆಯಿಂದ ಹೊರಗೆ ಹೋದ ಶಾಖವನ್ನು ತುಂಬುವುದಕ್ಕಾಗಿ ಈ ಕೆಲಸ ಹಗಲಿರುಳೂ ನಡೆಯುತ್ತದೆ. ಗೀಸರಿನ ಮೇಲೆ ಅಂಟಿಸಿರುವ ನಕ್ಷತ್ರಗಳು ಅಳೆಯುವುದು ಈ ಸೋರಿಕೆಯನ್ನೇ.

ಯೂನಿಟ್ಟು ತೋರಿಸುವ ಪ್ಲಗ್ಗೊಂದನ್ನು ತಂದು, ಮನೆಯವರೆಲ್ಲ ಮದುವೆಗೆ ಹೋಗಿದ್ದ ಒಂದು ದಿನ ನಮ್ಮ ಹಳೆಯ ಗೀಸರನ್ನು ಪರೀಕ್ಷಿಸಿದೆವು. ಒಂದು ಹನಿ ನೀರನ್ನೂ ಮುಟ್ಟದೆ ೨೪ ಗಂಟೆಯಲ್ಲಿ ಮುಕ್ಕಾಲು ಯೂನಿಟ್ಟು ಹೋಗಿತ್ತು. ತಿಂಗಳಿಗೆ ೨೨ಕ್ಕೂ ಹೆಚ್ಚು! ಸ್ನಾನವೂ ಇಲ್ಲ, ಪುಣ್ಯವೂ ಇಲ್ಲ. ಗುಂಡಿ ಆರಿಸುವುದನ್ನು ಮರೆಯುವ ಮನೆಯಲ್ಲಿ ವೇಳಾಪಟ್ಟಿಯಿಂದ ಉಳಿಯುವುದು ಮುಖ್ಯವಾಗಿ ಇದೇ. ಮರೆಯದ ಮನೆಯವರಿಗೆ ಬೆರಳೇ ಸಾಕು. ಅವರು ಪ್ಲಗ್ಗು ಕೊಳ್ಳಬೇಕಾಗಿಲ್ಲ.

ಮೂರನೆಯ ಪಾಠ: ಪಟ್ಟಿ ಹಾಕುವ ಕ್ರಮ

ಮೊದಲು ಪ್ಲಗ್ಗಿನ ಶಕ್ತಿ. ಗೀಸರಿಗೆ ೧೬ ಆಂಪಿಯರಿನ, ಅರ್ಥಿಂಗ್ ಸಹಿತವಾದ ದಪ್ಪ ಮೂರು ಕಡ್ಡಿಯ ಪ್ಲಗ್ಗೇ ಬೇಕು. ನಾವು ಮೊದಲ ಸಲ ಅಗ್ಗವೆಂದು ೬ ಆಂಪಿಯರಿನದನ್ನು ತಂದು, ಅಡಾಪ್ಟರು ಸಿಕ್ಕಿಸಿ ಹಾಕಿದೆವು. ನಾಲ್ಕನೆಯ ದಿನ ಸುಟ್ಟ ವಾಸನೆ ಬಂದು, ಪ್ಲಾಸ್ಟಿಕ್ಕು ಕಂದಿಹೋಗಿತ್ತು. ತಪ್ಪು ಪ್ಲಗ್ಗಿನದಲ್ಲ, ನಮ್ಮದು: ೨೩೦ ವೋಲ್ಟಿನಲ್ಲಿ ೨೦೦೦ ವ್ಯಾಟೆಂದರೆ ಸುಮಾರು ೮.೭ ಆಂಪಿಯರು. ಈ ಭಾಗಾಕಾರವನ್ನು ಅಂಗಡಿಗೆ ಹೋಗುವ ಮುನ್ನ ಮಾಡಬೇಕಿತ್ತು.

ಎರಡನೆಯದಾಗಿ, ಫೋನಿನಲ್ಲಿ ಆ ಪ್ಲಗ್ಗಿನ ಆಪ್ ತೆರೆದು ‘ಶೆಡ್ಯೂಲ್’ ಎಂಬಲ್ಲಿ ಹೊತ್ತನ್ನು ಬರೆಯಿರಿ. ಹೊತ್ತಿಸುವುದಕ್ಕೊಂದು, ಆರಿಸುವುದಕ್ಕೊಂದು, ಹೀಗೆ ಎರಡು ನಮೂದು ಬೇಕು. ಹೊತ್ತಿಸುವುದನ್ನು ಬರೆದು ಆರಿಸುವುದನ್ನು ಮರೆತರೆ ಉಳಿತಾಯವಿಲ್ಲ. ಗಡಿಯಾರವನ್ನು ರೈಲ್ವೆಯ ೨೪ ಗಂಟೆಯ ಕ್ರಮಕ್ಕೆ ಇಟ್ಟುಕೊಂಡರೆ, ಬೆಳಗಿನ ೫-೧೦ರ ಬದಲು ಸಂಜೆಯ ೫-೧೦ ಬರೆಯುವ ಪ್ರಮಾದ ತಪ್ಪುತ್ತದೆ.

ಮೂರನೆಯದಾಗಿ, ವಾರ. ವಾರದ ರಜೆ ಭಾನುವಾರವೇ ಇರಬೇಕೆಂದಿಲ್ಲ. ನಿಮ್ಮ ರಜೆಯ ದಿನಕ್ಕೆ ಬೇರೆ ಹೊತ್ತು ಹಾಕಿರಿ. ಪಾಳಿ ಬದಲಾದ ವಾರ ಮನೆಯ ಪಟ್ಟಿಯೂ ಬದಲಾಗಬೇಕು.

ನಾಲ್ಕನೆಯದಾಗಿ, ಕರೆಂಟು ಹೋಗಿ ಬಂದಾಗ ಪ್ಲಗ್ಗು ಹೇಗಿರಬೇಕೆಂಬ ಆಯ್ಕೆ ಹಲವು ಪ್ಲಗ್ಗುಗಳಲ್ಲಿದೆ. ಗೀಸರಿಗೆ ಅದನ್ನು ‘ಆಫ್’ ಎಂದೇ ಇಡತಕ್ಕದ್ದು. ಬಾಡಿಗೆಯ ಕೋಣೆ ಬಿಟ್ಟು ಹೋಗುವಾಗ ಪ್ಲಗ್ಗನ್ನು ನಿಮ್ಮ ಖಾತೆಯಿಂದ ತೆಗೆದುಹಾಕುವುದನ್ನು ಮರೆಯಬಾರದು.

ನಾಲ್ಕನೆಯ ಪಾಠ: ಯಾವುದಕ್ಕೆ ಬೇಡ

ಬಕೆಟ್ಟಿನಲ್ಲಿ ಇಳಿಬಿಡುವ ಕಾಯಿಸುವ ರಾಡನ್ನು ಎಂದಿಗೂ ಇಂಥ ಪ್ಲಗ್ಗಿಗೆ ಹಾಕಬೇಡಿ. ನಮ್ಮವರಲ್ಲಿ ಅನೇಕರು ಒಂಟಿಯಾಗಿ ಕೋಣೆ ಮಾಡಿಕೊಂಡಿರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಸಾಮಾನ್ಯ ರಾಡಿಗೆ ಥರ್ಮೋಸ್ಟಾಟಿಲ್ಲ. ನೀರಿಲ್ಲದ ಬಕೆಟ್ಟಿನಲ್ಲಿ ತಾನಾಗಿ ಹೊತ್ತಿದರೆ ಬೆಂಕಿ. ಆರಿದೆಯೆಂದು ನಂಬಿ ನೀರಿಗೆ ಕೈಯಿಟ್ಟಾಗ ಹೊತ್ತಿದರೆ ಪ್ರಾಣವೇ ಹೋಗಬಹುದು. ರಾಡಿನ ಹತ್ತಿರ ಮನುಷ್ಯನೇ ನಿಂತಿರಬೇಕು. ಇಸ್ತ್ರಿಪೆಟ್ಟಿಗೆಗೂ ಇದೇ ಮಾತು.

ಫ್ರಿಜ್ಜಿಗೂ ಬೇಡ. ರಾತ್ರಿ ಆರಿಸಿದರೆ ಉಳಿಯುವುದು ಅಲ್ಪ, ಕೆಡುವುದು ಹಾಲು.

ಫೋನಿನ ಚಾರ್ಜರಿಗೆ ಪ್ಲಗ್ಗು ಹಾಕಿದರೆ ನಷ್ಟವೇ. ಸ್ಮಾರ್ಟ್ ಪ್ಲಗ್ಗಿಗೂ ಹೊಟ್ಟೆಯಿದೆ: ಒಂದು ವ್ಯಾಟು ಉಂಡರೂ ವರ್ಷಕ್ಕೆ ೮.೭೬ ಯೂನಿಟ್ಟಾಯಿತು. ಟಿ.ವಿ.ಯ ಸೆಟ್‌ಟಾಪ್ ಪೆಟ್ಟಿಗೆ ೧೦ ವ್ಯಾಟು ಎಳೆಯುವುದಾದರೆ, ದಿನಕ್ಕೆ ೧೮ ಗಂಟೆ ಆರಿಸಿ ತಿಂಗಳಿಗೆ ೫.೪ ಯೂನಿಟ್ಟು ಉಳಿಸಬಹುದು, ಪ್ಲಗ್ಗಿನ ೦.೭೨ ಯೂನಿಟ್ಟನ್ನು ಕಳೆದರೂ ಲಾಭವಿದೆ. ಗೋಡೆಯ ಗುಂಡಿ ಒತ್ತಿದರೆ ಪೂರ್ತಿ ಲಾಭ.

ಪಂಖಕ್ಕೆ ಪಟ್ಟಿಗಿಂತ ಬದಲಾವಣೆ ಮೇಲು. ಬಿಎಲ್‌ಡಿಸಿ ಎಂಬ ಹೊಸ ಬಗೆಯ ಪಂಖಕ್ಕೆ ಸುಮಾರು ೩೦ ವ್ಯಾಟು ಸಾಕು. ಮೇಲಿನ ೨೭ ಯೂನಿಟ್ಟು ಸುಮಾರು ೧೧ಕ್ಕೆ ಇಳಿಯುತ್ತದೆ. ಏರ್‌ಕಂಡೀಷನರಿದ್ದ ಮನೆಯಲ್ಲಿ ನಸುಕಿನ ೪ ಗಂಟೆಗೆ ಅದು ತಾನೇ ನಿಲ್ಲುವಂತೆ ಮಾಡುವುದೂ, ೨೪ ಡಿಗ್ರಿಯಲ್ಲಿ ಇಡುವುದೂ ಒಳ್ಳೆಯದು. ನಕ್ಷತ್ರಪಟ್ಟಿಯ ಏರ್‌ಕಂಡೀಷನರುಗಳು ೨೦೨೦ರ ಜನವರಿಯಿಂದ ಆರಂಭದಲ್ಲಿ ೨೪ ಡಿಗ್ರಿಗೇ ನಿಲ್ಲುವಂತೆ ತಯಾರಾಗಬೇಕೆಂದು ನಿಯಮವಾಗಿದೆ.

ಐದನೆಯ ಪಾಠ: ಹೊತ್ತಿಗೊಂದು ದರ

ಗಿರಣಿಗಳಿಗೆ ಹೊತ್ತಿಗೊಂದು ದರವೆಂಬುದು ಹಳೆಯ ಸಂಗತಿ. ಕೇಂದ್ರ ಸರಕಾರವು ೨೦೨೩ರಲ್ಲಿ ಗ್ರಾಹಕರ ಹಕ್ಕುಗಳ ನಿಯಮಗಳನ್ನು ತಿದ್ದಿ, ೨೦೨೫ರ ಏಪ್ರಿಲ್ ೧ರೊಳಗೆ ಕೃಷಿಯನ್ನುಳಿದು ಮನೆಗಳಿಗೂ ಈ ಪದ್ಧತಿ ಬರಬೇಕೆಂದು ವಿಧಿಸಿತು. ಸ್ಮಾರ್ಟ್ ಮೀಟರು ಕೂಡಿಸಿದ ಮನೆಗೆ ಇದು ಅನ್ವಯ. ಬಿಸಿಲಿನಿಂದ ವಿದ್ಯುತ್ತು ಹೇರಳವಾಗಿ ಹುಟ್ಟುವ ಹಗಲಿನ ಗಂಟೆಗಳಲ್ಲಿ ದರ ಶೇಕಡ ೨೦ರಷ್ಟಾದರೂ ಕಡಿಮೆ, ಬೇಡಿಕೆಯ ಗಂಟೆಗಳಲ್ಲಿ ಹೆಚ್ಚು ಎಂಬುದು ಅದರ ಸಾರ. ಹೊತ್ತನ್ನು ಗೊತ್ತುಪಡಿಸುವುದು ಆಯಾ ರಾಜ್ಯದ ಆಯೋಗ. ನಿಮ್ಮ ಬಿಲ್ಲಿನಲ್ಲಿ ಹೊತ್ತಿನ ಕಲಮುಗಳಿದ್ದರೆ ಬಟ್ಟೆ ಒಗೆಯುವ ಯಂತ್ರವನ್ನೂ ನೀರಿನ ಪಂಪನ್ನೂ ಹಗಲಿಗೆ ಸರಿಸಿರಿ. ಇದರಿಂದ ಯೂನಿಟ್ಟು ಉಳಿಯದು, ರೂಪಾಯಿ ಉಳಿಯುವುದು, ಎರಡನ್ನೂ ಬೆರೆಸಬಾರದು.

ಆರನೆಯ ಪಾಠ: ಯಂತ್ರಕ್ಕೆ ತಿಳಿಯದ್ದು

ಅಮೆರಿಕದಲ್ಲಿ ಮನೆಯ ಬಿಸಿಯನ್ನು ಹೊತ್ತಿಗೆ ತಕ್ಕಂತೆ ಏರಿಸಿ ಇಳಿಸುವ ಥರ್ಮೋಸ್ಟಾಟುಗಳಿಗೆ ಸರಕಾರದ ‘ಎನರ್ಜಿ ಸ್ಟಾರ್’ ಮುದ್ರೆ ಸಿಗುತ್ತಿತ್ತು. ೨೦೦೯ರ ಕೊನೆಗೆ ಆ ಮುದ್ರೆಯನ್ನು ನಿಲ್ಲಿಸಿದರು. ಉಪಕರಣ ಕೆಟ್ಟದ್ದಾಗಿರಲಿಲ್ಲ, ಎಷ್ಟೋ ಜನ ಪಟ್ಟಿಯನ್ನೇ ಸರಿಯಾಗಿ ಹಾಕಿಕೊಳ್ಳದೆ, ನಿರೀಕ್ಷಿಸಿದ ಉಳಿತಾಯ ಕಂಡುಬರಲಿಲ್ಲ. ಪಟ್ಟಿ ಹಾಕದ ಯಂತ್ರ ಬರೆಯದ ಖಾತೆಪುಸ್ತಕದಂತೆ.

ಪಟ್ಟಿ ಹಾಕಿದ ಮೇಲೂ ಒಂದು ಮಾತಿದೆ. ಕಳೆದ ಚಳಿಗಾಲದಲ್ಲಿ ಊರಿನಿಂದ ನಮ್ಮ ತಾಯಿ ಬಂದಿದ್ದರು. ನಮ್ಮ ಗೀಸರು ೫-೧೦ಕ್ಕೆ ಹೊತ್ತಿ ೫-೩೫ಕ್ಕೆ ಆರುತ್ತಿತ್ತು. ಮಕ್ಕಳಿಗಾಗಿ ಮತ್ತೆ ೬-೩೦ಕ್ಕೆ. ತಾಯಿ ಪೂಜೆಗೆಂದು ನಾಲ್ಕೂವರೆಗೇ ಏಳುವವರು. ಗುಂಡಿ ಒತ್ತಿ ನೋಡಿದರು, ದೀಪ ಹತ್ತಲಿಲ್ಲ. ಕೆಟ್ಟಿದೆಯೇನೋ, ಹೇಳಿದರೆ ಮಗನಿಗೆ ಖರ್ಚು ಎಂದುಕೊಂಡು ಸುಮ್ಮನಾದರು. ಮೂರು ದಿನ ತಣ್ಣೀರಿನಲ್ಲಿ ಸ್ನಾನ ಮಾಡಿದರು. ನಾಲ್ಕನೆಯ ದಿನ ಕೆಮ್ಮು ಕೇಳಿ ವಿಚಾರಿಸಿದಾಗ ವಿಷಯ ತಿಳಿಯಿತು. ಆ ತಿಂಗಳ ಬಿಲ್ಲು ಇಳಿದಿತ್ತು; ಅದನ್ನು ನೋಡಿ ಸಂತೋಷಪಡಲು ನಮಗೆ ಮನಸ್ಸಾಗಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಮೂರು ನಿಯಮಗಳಿವೆ. ಪಟ್ಟಿಯನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಬಚ್ಚಲಿನ ಬಾಗಿಲಿಗೆ ಅಂಟಿಸಿದ್ದೇವೆ. ಪ್ಲಗ್ಗಿನ ಮೈಮೇಲಿನ ಗುಂಡಿಯನ್ನು ಒತ್ತಿದರೆ ಪಟ್ಟಿಯನ್ನು ಮೀರಿ ಹೊತ್ತುವುದೆಂದು ಎಲ್ಲರಿಗೂ ತೋರಿಸಿದ್ದೇವೆ. ಮನೆಗೆ ಯಾರು ಬಂದರೂ ಮೊದಲ ರಾತ್ರಿಯೇ ‘ಎಷ್ಟು ಗಂಟೆಗೆ ಏಳುತ್ತೀರಿ?’ ಎಂದು ಕೇಳುತ್ತೇವೆ. ಒಂದೇ ಕೋಣೆಯಲ್ಲಿ ಹಗಲು ಪಾಳಿಯವರೂ ರಾತ್ರಿ ಪಾಳಿಯವರೂ ಇರುವ ಬಂಧುಗಳು ಈ ಪ್ರಶ್ನೆಯನ್ನು ಮರೆಯದಿರಲಿ; ರಾತ್ರಿ ದುಡಿದು ಮಲಗಿದವನ ಪಂಖ ಹತ್ತು ಗಂಟೆಗೆ ನಿಂತರೆ ಅದು ಉಳಿತಾಯವಲ್ಲ.

ಅಭ್ಯಾಸ

೧. ೨೫ ಲೀಟರು ನೀರನ್ನು ೨೦ರಿಂದ ೬೩ ಡಿಗ್ರಿಗೆ ಏರಿಸಲು ಎಷ್ಟು ಯೂನಿಟ್ಟು? ೨೦೦೦ ವ್ಯಾಟಿನಲ್ಲಿ ಎಷ್ಟು ಹೊತ್ತು?

೨. ಪ್ಲಗ್ಗಿನ ಬೆಲೆ ೧೦೦೦ ರೂಪಾಯಿ, ತಿಂಗಳ ಉಳಿತಾಯ ೨೦ ಯೂನಿಟ್ಟು, ಯೂನಿಟ್ಟಿಗೆ ೧೦ ರೂಪಾಯಿ ಎಂದು ಹಿಡಿದರೆ ಹಾಕಿದ ಹಣ ಎಷ್ಟು ತಿಂಗಳಲ್ಲಿ ಹಿಂದಿರುಗುವುದು?

೩. ಒಂದು ವಾರ ದಿನವೂ ಒಂದೇ ಹೊತ್ತಿಗೆ ನಿಮ್ಮ ಮೀಟರಿನ ಅಂಕಿಯನ್ನು ಬರೆದಿಡಿ. ಪಟ್ಟಿ ಹಾಕಿದ ಮೇಲೆ ಇನ್ನೊಂದು ವಾರ ಬರೆಯಿರಿ. ಎರಡನ್ನೂ ಹೋಲಿಸಿರಿ.

ಉತ್ತರ: ೧. ೧.೨೫ ಯೂನಿಟ್ಟು, ಮೂವತ್ತೇಳೂವರೆ ನಿಮಿಷ. ೨. ೫ ತಿಂಗಳು. ೩. ಇದರ ಉತ್ತರ ನಿಮ್ಮ ಮೀಟರಿನಲ್ಲಿದೆ.

ಲೆಕ್ಕ ಹೊಂದದವರು ಬಿಲ್ಲನ್ನು ತೆಗೆದುಕೊಂಡು ಭಾನುವಾರ ಸಂಜೆ ವಾಚನಾಲಯಕ್ಕೆ ಬನ್ನಿರಿ. ಕೂತು ನೋಡೋಣ.