ತಾಂಬರಂಗೆ ತಾತ್ಕಾಲಿಕ ಕೆಲಸಕ್ಕೆ ಬರುವವರು ಮಾಡಬೇಕಾದ್ದು, ಮಾಡಬಾರದ್ದು

ತಾಂಬರಂ ಸ್ಯಾನಟೋರಿಯಂನ ಮೆಪ್ಜ್ ರಫ್ತು ವಲಯಕ್ಕೋ, ಒರಗಡಂ, ಮರೈಮಲೈನಗರದ ಕಾರ್ಖಾನೆಗಳಿಗೋ ಕಾಂಟ್ರ್ಯಾಕ್ಟ್ ಮೇಲೆ ಸೇರಲು ಬರುವ ಕನ್ನಡದ ಹುಡುಗ ಹುಡುಗಿಯರು ಇದನ್ನು ಓದಬೇಕು, ಜೊತೆಯವರಿಗೂ ಓದಿ ಹೇಳಬೇಕು. ಕೆಲಸ ಮೂರೇ ತಿಂಗಳದ್ದಾಗಲಿ, ದುಡಿದ ಪ್ರತಿ ದಿನಕ್ಕೂ ನಿಮ್ಮ ಹತ್ತಿರ ಪುರಾವೆ ಇರಲೇಬೇಕು.

ಮಾಡಬೇಕಾದ್ದು

ನೇಮಕಾತಿ ಪತ್ರ ಕೇಳಿ ಪಡೆಯಿರಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಅದು ಕಡ್ಡಾಯ. ಪತ್ರದಲ್ಲಿ ನಿಮ್ಮ ಮಾಲೀಕರು ಯಾರು ಎಂದು ಮೊದಲು ನೋಡಿ: ಕಂಪನಿಯೋ, ಕಾಂಟ್ರ್ಯಾಕ್ಟರೋ? ಕಾಂಟ್ರ್ಯಾಕ್ಟರ್ ಸಂಬಳ ಕೊಡದೆ ಕೈಯೆತ್ತಿದರೆ ಕಂಪನಿಯೇ ಕೊಡಬೇಕಾಗುತ್ತದೆ. ಹಾಗೆ ಕೇಳಲು ನೀವು ಆ ಗೇಟಿನೊಳಗೆ ದುಡಿದದ್ದಕ್ಕೆ ಸಾಕ್ಷಿ ಬೇಕು. ಗೇಟ್ ಪಾಸಿನ ಎರಡೂ ಬದಿಯ ಫೋಟೋ ತೆಗೆದು ಮನೆಯವರ ಫೋನಿಗೂ ಕಳಿಸಿಡಿ. ಹಾಜರಿ, ಶಿಫ್ಟ್, ಓಟಿ ಗಂಟೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಅದೇ ದಿನ ಬರೆಯಿರಿ. ಓಟಿಗೆ ದುಪ್ಪಟ್ಟು ದರ ಸಿಗಬೇಕು.

ಈ ಲೆಕ್ಕಕ್ಕೆ ತಮಿಳುನಾಡಿನಲ್ಲಿ ವಿಶೇಷ ಬೆಲೆಯಿದೆ. ಇಲ್ಲಿನ 1981ರ ಕಾಯಂ ಕಾಯ್ದೆಯ ಪ್ರಕಾರ, 24 ತಿಂಗಳೊಳಗೆ 480 ದಿನ ಸತತ ಸೇವೆ ಮಾಡಿದ ಕೆಲಸಗಾರರನ್ನು ಕಾಯಂ ಮಾಡಬೇಕು. ಕಾಯಿಲೆಯಿಂದ, ಮಂಜೂರಾದ ರಜೆಯಿಂದ, ಅಪಘಾತದಿಂದ ನಡುವೆ ಬಿಡುವಾದರೆ ಸೇವೆ ತುಂಡಾಗುವುದಿಲ್ಲ. ಕಟ್ಟಡ ನಿರ್ಮಾಣದ ಕೆಲಸಕ್ಕೆ ಇದು ಅನ್ವಯಿಸದು. ಕಾಂಟ್ರ್ಯಾಕ್ಟರ್ ಮೂಲಕ ಸೇರಿದವರ ವಿಷಯ ತೊಡಕಿನದು, ಅಂಥವರು ಕಾರ್ಮಿಕ ಸಂಘದವರನ್ನೋ ವಕೀಲರನ್ನೋ ಕೇಳಬೇಕು. ಆಗ ಅವರು ಮೊದಲು ಕೇಳುವುದು ಆ ನೋಟ್‌ಬುಕ್ಕನ್ನೇ.

ಪೇ ಸ್ಲಿಪ್ ಪ್ರತಿ ತಿಂಗಳೂ ತೆಗೆದುಕೊಂಡು ಕಡಿತಗಳನ್ನು ನೀವೇ ಕೂಡಿಸಿ ನೋಡಿ. ಪಿಎಫ್, ಇಎಸ್‌ಐ ಲೆಕ್ಕ ಹಾಕುವ ಸಂಬಳ 14,000 ರೂಪಾಯಿ ಎಂದಿಟ್ಟುಕೊಳ್ಳಿ. ಪಿಎಫ್ ಶೇ. 12, ಅಂದರೆ 1,680. ಇಎಸ್‌ಐ ಶೇ. 0.75, ಅಂದರೆ 105. ಕೈಗೆ 12,215 ಬರಬೇಕು. ಪಿಎಫ್ ಸಾಲಿನಲ್ಲಿ 3,360 ಕಂಡರೆ ಮಾಲೀಕರ ಪಾಲನ್ನೂ ನಿಮ್ಮಿಂದಲೇ ಹಿಡಿದಿದ್ದಾರೆ ಎಂದರ್ಥ. ಅದು ಕಾನೂನಿಗೆ ವಿರುದ್ಧ, ಸುಮ್ಮನಿರಬೇಡಿ. ಹಿಡಿದ ಹಣ ಕಟ್ಟಿದ್ದಾರೆಯೇ ಎಂದು ಪಿಎಫ್ ಪಾಸ್‌ಬುಕ್ಕಿನಲ್ಲಿ ನೋಡಿ. ಖಾತೆ ಸಂಖ್ಯೆ ‘ಟಿಬಿಟಿಎಎಂ’ ಎಂದು ಶುರುವಾದರೆ ಅದು ತಾಂಬರಂ ಪಿಎಫ್ ಕಚೇರಿಗೆ ಸೇರಿದ್ದು, ದೂರು ಅಲ್ಲಿಗೇ ಕೊಡಿ.

ಇಎಸ್‌ಐ ಕಾರ್ಡಿಗೆ ಊರಲ್ಲಿರುವ ಅಪ್ಪ ಅಮ್ಮ, ಹೆಂಡತಿ ಮಕ್ಕಳಲ್ಲಿ ನಿಮ್ಮ ಸಂಬಳವನ್ನೇ ನಂಬಿದವರ ಹೆಸರು ಸೇರಿಸಿ. ಅವರು ಕರ್ನಾಟಕದ ಇಎಸ್‌ಐ ಚಿಕಿತ್ಸಾಲಯದಲ್ಲೇ ತೋರಿಸಿಕೊಳ್ಳಬಹುದು. ಎಷ್ಟೋ ಮನೆಗಳು ಇದು ಗೊತ್ತಿಲ್ಲದೆ ಸಾಲ ಮಾಡಿ ಆಸ್ಪತ್ರೆ ಬಿಲ್ಲು ಕಟ್ಟುತ್ತವೆ, ಅದು ಸಂಕಟದ ಮಾತು.

ಮಾಡಬಾರದ್ದು

ಕೆಲಸ ಕೊಡಿಸುತ್ತೇನೆ ಎನ್ನುವವರಿಗೆ ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡಿ. ಮಾರ್ಕ್ಸ್ ಕಾರ್ಡ್, ಆಧಾರ್ ಅಸಲನ್ನು ಯಾರ ಕೈಯಲ್ಲೂ ಬಿಡಬೇಡಿ, ತೋರಿಸಿ ವಾಪಸ್ ಪಡೆಯಿರಿ.

ಓದಲಾಗದ ತಮಿಳು ಕಾಗದಕ್ಕೆ ಸಹಿ ಹಾಕಲೇಬೇಡಿ. ಫೋಟೋ ತೆಗೆದುಕೊಂಡು, ಓದಬಲ್ಲವರಿಂದ ಓದಿಸಿ, ನಾಳೆ ಸಹಿ ಮಾಡುತ್ತೇನೆ ಎನ್ನಿ. ಖಾಲಿ ಹಾಳೆಗೆ, ದಿನಾಂಕವಿಲ್ಲದ ರಾಜೀನಾಮೆಗೆ ಸಹಿ ಹಾಕಿದರೆ ಬೇಕೆಂದಾಗ ನಿಮ್ಮನ್ನು ಹೊರಗೆ ಹಾಕಲು ನೀವೇ ಅಪ್ಪಣೆ ಕೊಟ್ಟಂತೆ.

ಸಿಟಿಸಿ ಅಂಕಿ ನೋಡಿ ಬಾಡಿಗೆ ಮನೆ ಗೊತ್ತು ಮಾಡಬೇಡಿ. ಅದರಲ್ಲಿ ಮಾಲೀಕರು ಕಟ್ಟುವ ಪಿಎಫ್ ಕೂಡ ಸೇರಿರುತ್ತದೆ. ಕೈಗೆ ಎಷ್ಟು ಬರುತ್ತದೆ ಎಂದೇ ಕೇಳಿ. ಅಪ್ರೆಂಟಿಸ್ ಎಂದು ಸೇರಿಸಿಕೊಂಡರೆ ಸಿಗುವುದು ಸ್ಟೈಪೆಂಡ್, ಅದಕ್ಕೆ ಪಿಎಫ್ ಇಲ್ಲ.

ಕೆಲಸ ಬದಲಿಸಿದಾಗಲೆಲ್ಲ ಪಿಎಫ್ ತೆಗೆದು ಖರ್ಚು ಮಾಡಬೇಡಿ, ಹೊಸ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಮಾಡಿಸಬೇಡಿ. ಪಿಎಫ್ ಜೊತೆಗಿನ ತಿಂಗಳ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಒಂದೇ ಯುಎಎನ್ ಕೆಳಗೆ ವರ್ಗಾಯಿಸುತ್ತಾ ಹೋದರೆ ತುಂಡು ತುಂಡು ಕೆಲಸಗಳೂ ಕೂಡಿ ಅಷ್ಟಾಗುತ್ತವೆ.

ಜಗಳವಾಯಿತೆಂದು ಹೇಳದೆ ಕೇಳದೆ ರೈಲು ಹತ್ತಬೇಡಿ. ಬಿಡುವುದನ್ನು ಬರೆದು ಕೊಟ್ಟು ಸಹಿ ಪಡೆಯಿರಿ. ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಬರಬೇಕು. ಗ್ರಾಚ್ಯುಟಿಗೆ 5 ವರ್ಷ ಬೇಕೆನ್ನುವ ಹಳೆಯ ಮಾತನ್ನು ನಂಬಿ ಬಿಟ್ಟುಬಿಡಬೇಡಿ: ನಿಗದಿತ ಅವಧಿಗೆ ನೇಮಕವಾದವರಿಗೆ ಹೊಸ ಸಂಹಿತೆಯಲ್ಲಿ 1 ವರ್ಷಕ್ಕೇ ಅದು ಸಿಗುತ್ತದೆ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ಮಾಲೀಕರು ಹಾಕದಿದ್ದರೆ, ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಆನ್‌ಲೈನಿನಲ್ಲಿ ನೀವೇ ಹಾಕಬಹುದು.