ಮೊದಲು ಕಕ್ಷಿದಾರರಿಗೆ ಫೋನ್ ಮಾಡಿ

ವಕೀಲರಿಗೆ ರ‍್ಯಾಂಕ್ ನೀಡುವ ಚೇಂಬರ್ಸ್ ಡೈರೆಕ್ಟರಿಗೆ ಕಳಿಸುವ ಅರ್ಜಿಯಲ್ಲಿ ನಿಮ್ಮ ಸಂಸ್ಥೆಯ ಇತಿಹಾಸಕ್ಕೇ ನಾಲ್ಕು ಪುಟ ಹೋಗಿದೆ. ಅದನ್ನು ನಾಲ್ಕು ಸಾಲಿಗೆ ಇಳಿಸಿ. ಅಲ್ಲಿನ ಸಂಶೋಧಕರು ಮುಖ್ಯವಾಗಿ ನೋಡುವುದು ಕಳೆದ 12 ತಿಂಗಳ ಕೆಲಸವನ್ನು. ಹೆಚ್ಚೆಂದರೆ 20 ಪ್ರಕರಣ ಕೊಡಬಹುದು, ಅಷ್ಟನ್ನೂ ತುಂಬಲೇಬೇಕೆಂದಿಲ್ಲ. ಮೊತ್ತವನ್ನಷ್ಟೇ ಹೇಳಿ ನಿಲ್ಲಿಸಬೇಡಿ. ಕಾನೂನಿನ ಯಾವ ತೊಡಕನ್ನು ಬಿಡಿಸಿದಿರಿ, ಯಾರು ಏನು ಮಾಡಿದರು ಎಂಬುದನ್ನೂ ಬರೆಯಿರಿ. ದುಡಿದ ಕಿರಿಯ ವಕೀಲರ ಹೆಸರು ದಯವಿಟ್ಟು ಬಿಡಬೇಡಿ. ಗೋಪ್ಯ ಪ್ರಕರಣಗಳಿಗೆ ಬೇರೆ ಭಾಗವಿದೆ, ಅವು ಪ್ರಕಟವಾಗುವುದಿಲ್ಲ. ಆದರೂ ಕಕ್ಷಿದಾರರ ಒಪ್ಪಿಗೆಯಿಲ್ಲದೆ ಒಂದಕ್ಷರವೂ ಬೇಡ.

ನನಗೆ ನಿಜಕ್ಕೂ ಚಿಂತೆಯಾದದ್ದು ನಿಮ್ಮ ರೆಫರಿಗಳ, ಅಂದರೆ ನಿಮ್ಮ ಕೆಲಸದ ಬಗ್ಗೆ ಸಂಶೋಧಕರಿಗೆ ಅಭಿಪ್ರಾಯ ಹೇಳುವವರ, ಪಟ್ಟಿ. ಎಲ್ಲರೂ ಕಂಪನಿಗಳ ಅಧ್ಯಕ್ಷರೇ! ಅವರು ಸಂಶೋಧಕರ ಇಮೇಲ್‌ಗೆ ಉತ್ತರಿಸುವುದು ಅನುಮಾನ. ದಿನವೂ ನಿಮ್ಮೊಡನೆ ವ್ಯವಹರಿಸುವ ಕಾನೂನು ವಿಭಾಗದವರನ್ನು ಸೂಚಿಸಿ. ಮೊದಲೇ ಫೋನ್ ಮಾಡಿ ಒಪ್ಪಿಗೆ ಪಡೆಯಿರಿ, ಇಮೇಲ್ ಸ್ಪ್ಯಾಮ್‌ಗೆ ಬೀಳಬಹುದೆಂದೂ ತಿಳಿಸಿ. ಏನು ಹೇಳಬೇಕೆಂದು ಮಾತ್ರ ಹೇಳಿಕೊಡಬೇಡಿ. ಬಾಯಿಪಾಠದ ಹೊಗಳಿಕೆ ಕೇಳಿದವರಿಗೆ ತಿಳಿದುಬಿಡುತ್ತದೆ.

ರ‍್ಯಾಂಕ್ ಬಂದರೆ ಪತ್ರಿಕೆಯಲ್ಲಿ ಜಾಹೀರಾತು ಕೊಡುವ ಯೋಚನೆ ಬಿಡಿ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮ ವಕೀಲರು ಜಾಹೀರಾತು ಕೊಡುವುದನ್ನು ನಿಷೇಧಿಸುತ್ತದೆ.