ಕ್ಯಾನ್ಸರ್ ಮತ್ತು ನಿಂತುಹೋಗುವ ವೇತನ: ಉದ್ಯೋಗದಾತರು ಅರಿತಿರಬೇಕಾದ ಅಂಶಗಳು

ಕ್ಯಾನ್ಸರ್ ಪತ್ತೆಯಾದ ಕುಟುಂಬದಲ್ಲಿ ಮೊದಲು ಏಳುವ ಪ್ರಶ್ನೆ ಚಿಕಿತ್ಸೆಯ ವೆಚ್ಚವನ್ನು ಕುರಿತದ್ದು. ವೆಚ್ಚ ಏರುವ ಹೊತ್ತಿನಲ್ಲೇ ಆದಾಯವೂ ಕುಸಿಯುತ್ತದೆ ಎಂಬುದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯು ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆಗೆ ನೆರವಾಗುತ್ತದೆ. ಕಳೆದುಹೋದ ವೇತನವನ್ನು ತುಂಬಿಕೊಡುವುದಿಲ್ಲ.

ನಷ್ಟದ ಸ್ವರೂಪ

ವಿಕಿರಣ ಚಿಕಿತ್ಸೆಯನ್ನು ಸಾಮಾನ್ಯವಾಗಿ ವಾರಕ್ಕೆ 5 ದಿನಗಳಂತೆ ಹಲವು ವಾರ ನೀಡಲಾಗುತ್ತದೆ. ಕಿಮೋಥೆರಪಿ ತಿಂಗಳುಗಟ್ಟಲೆ ಸಾಗುವುದುಂಟು. ದೂರದ ಜಿಲ್ಲೆಯಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಬರುವ ರೋಗಿಯೊಡನೆ ಮನೆಯವರೊಬ್ಬರು ಬಂದು ತಂಗಬೇಕಾಗುತ್ತದೆ. ಹೀಗೆ ಒಂದು ಕಾಯಿಲೆಯಿಂದ ಎರಡು ದುಡಿಮೆಗಳು ನಿಲ್ಲುತ್ತವೆ.

ಇ.ಎಸ್.ಐ. ನೀಡುವ ಆಸರೆ

ಇ.ಎಸ್.ಐ. ಯೋಜನೆಯಲ್ಲಿ ಅನಾರೋಗ್ಯ ಭತ್ಯೆಯು ವೇತನದ ಶೇ. 70ರಷ್ಟಿದ್ದು, ವರ್ಷದಲ್ಲಿ 91 ದಿನಗಳವರೆಗೆ ದೊರೆಯುತ್ತದೆ. ಕ್ಯಾನ್ಸರ್ ಸೇರಿದಂತೆ ಗೊತ್ತುಪಡಿಸಿದ ದೀರ್ಘಕಾಲದ ರೋಗಗಳಿಗೆ ವಿಸ್ತೃತ ಭತ್ಯೆಯಾಗಿ ಶೇ. 80ರಷ್ಟನ್ನು ಎರಡು ವರ್ಷಗಳವರೆಗೆ ಪಡೆಯಲು ಅವಕಾಶವಿದೆ. 20,000 ರೂ. ವೇತನದ ಕಾರ್ಮಿಕನಿಗೆ ಇದು ತಿಂಗಳಿಗೆ ಸುಮಾರು 14,000 ಹಾಗೂ 16,000 ರೂ. ಆಗುತ್ತದೆ.

ಆದರೆ ವಿಸ್ತೃತ ಭತ್ಯೆಗೆ ಎರಡು ವರ್ಷಗಳ ನಿರಂತರ ಉದ್ಯೋಗ ಮತ್ತು ನಾಲ್ಕು ವಂತಿಗೆ ಅವಧಿಗಳಲ್ಲಿ ಕನಿಷ್ಠ 156 ದಿನಗಳ ವಂತಿಗೆ ಅಗತ್ಯ. ನೋಂದಣಿಯನ್ನು ಮುಂದೂಡಿದಲ್ಲಿ ಅಥವಾ ಗುತ್ತಿಗೆ ಬದಲಾದಾಗ ವಂತಿಗೆ ತಪ್ಪಿದಲ್ಲಿ, ಅದರ ಪರಿಣಾಮ ಕಾರ್ಮಿಕನು ಹಾಸಿಗೆ ಹಿಡಿದ ದಿನ ಗೋಚರಿಸುತ್ತದೆ. ಆಗ ಅದನ್ನು ಸರಿಪಡಿಸಲು ಕಾಲ ಮಿಂಚಿರುತ್ತದೆ.

ಮಿತಿಯ ಹೊರಗಿರುವವರು

ವೇತನ ಮಿತಿಯನ್ನು 2017ರ ಜನವರಿಯಲ್ಲಿ 21,000 ರೂ.ಗೆ ಏರಿಸಲಾಯಿತು. ಮಿತಿಯನ್ನು ದಾಟಿದ ಗುಮಾಸ್ತ ಅಥವಾ ಮೇಲ್ವಿಚಾರಕನಿಗೆ ಈ ಭತ್ಯೆ ಇಲ್ಲ. ರಜೆ ಮುಗಿದೊಡನೆ ವೇತನವೂ ಮುಗಿಯಬಹುದು. ಅನಾರೋಗ್ಯದ ಕಾರಣಕ್ಕೆ ಭವಿಷ್ಯನಿಧಿಯಿಂದ ಹಣ ಪಡೆಯಬಹುದಾದರೂ ಅದು ವೃದ್ಧಾಪ್ಯದ ಉಳಿತಾಯವೇ ಆಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 21 ಬಗೆಗಳ ಪಟ್ಟಿಯಲ್ಲಿ ಕ್ಯಾನ್ಸರ್ ಪ್ರತ್ಯೇಕವಾಗಿ ಸೇರಿಲ್ಲ. ಆದ್ದರಿಂದ ಚೇತರಿಸಿಕೊಂಡು ಬಂದವರಿಗೆ ಹೊಂದುವ ಕೆಲಸ ನೀಡುವುದು ಬಹುಮಟ್ಟಿಗೆ ಮಾಲೀಕರ ವಿವೇಚನೆಗೆ ಉಳಿದಿದೆ.

ಉದ್ಯೋಗದಾತರು ಕೈಗೊಳ್ಳಬಹುದಾದ ಕ್ರಮಗಳು

1. ಗುತ್ತಿಗೆ ಕಾರ್ಮಿಕರೂ ಸೇರಿದಂತೆ ಎಲ್ಲ ಅರ್ಹರ ವಂತಿಗೆ ಪ್ರತಿ ತಿಂಗಳೂ ಪಾವತಿಯಾಗಿದೆಯೇ ಎಂದು ಪರಿಶೀಲಿಸುವುದು.

2. ಮಿತಿಯ ಹೊರಗಿರುವವರಿಗೆ ಆರೋಗ್ಯ ವಿಮೆಯ ಜೊತೆಗೆ ಗಂಭೀರ ಕಾಯಿಲೆಯ ವಿಮೆಯನ್ನೂ ಪರಿಗಣಿಸುವುದು. ಮೊದಲನೆಯದು ಮುಖ್ಯವಾಗಿ ಆಸ್ಪತ್ರೆಯ ಬಿಲ್ಲನ್ನು ಭರಿಸುತ್ತದೆ. ಎರಡನೆಯದು ಷರತ್ತುಗಳಿಗೆ ಒಳಪಟ್ಟು ಇಡಿಗಂಟು ನೀಡುವುದರಿಂದ ಮನೆ ಖರ್ಚಿಗೂ ಒದಗುತ್ತದೆ.

3. ಮರಳಿ ಬಂದವರಿಗೆ ಕೆಲಕಾಲ ಹಗುರವಾದ ಕೆಲಸ, ತಪಾಸಣೆಯ ದಿನ ರಜೆ ನೀಡುವುದು ಹಾಗೂ ರೋಗದ ವಿವರವನ್ನು ಗೋಪ್ಯವಾಗಿಡುವುದು.

ನುರಿತ ಕೆಲಸಗಾರನನ್ನು ಕಳೆದುಕೊಂಡು ಹೊಸಬನನ್ನು ತರಬೇತುಗೊಳಿಸುವುದೂ ಉದ್ಯಮಕ್ಕೆ ವೆಚ್ಚವೇ. ಕೆಲವು ತಿಂಗಳು ಸ್ಥಾನವನ್ನು ಕಾಯ್ದಿರಿಸಿದಲ್ಲಿ ಒಂದು ಮನೆಯ ದುಡಿಮೆ ಉಳಿಯುತ್ತದೆ, ಉದ್ಯಮಕ್ಕೆ ಅನುಭವಿ ಕೈಯೂ ಉಳಿಯುತ್ತದೆ.